ಎಡ ಮುಂಚಕ್ರದ ಲೈನಿಂಗ್: ಹನ್ನೆರಡು ಕ್ಲಿಪ್ ಬದಲಿಸಿದ ಲೆಕ್ಕ

ಗಾಡಿ: ಒಂಬತ್ತು ವರ್ಷ ಓಡಿದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಾಟ: ದಾವಣಗೆರೆ–ಚಿತ್ರದುರ್ಗ ಹೆದ್ದಾರಿ, ಜೊತೆಗೆ ಭದ್ರಾ ನಾಲೆ ಬಯಲಿನ ಹೊಲದ ರಸ್ತೆಗಳು. ದೂರು: "ಎಂಬತ್ತು ದಾಟಿದ್ರೆ ಮುಂದೆ ಎಡಗಡೆ ಪಟಪಟ ಅಂತೈತಿ, ಸ್ಟೇರಿಂಗ್ ಪೂರ್ತಿ ಹೊರಳಿಸಿದ್ರೆ ಕರ್ ಅಂತೈತಿ." ಕೆಲಸ: ಲೈನಿಂಗ್ ಇಳಿಸಿ, ಹಿಂದೆ ಕೂತ ರಾಡಿ ತೆಗೆದು, ಹನ್ನೆರಡೂ ಕಡೆ ಹೊಸ ಕ್ಲಿಪ್. ಹಿಡಿದ ಹೊತ್ತು: ನೆನೆಸುವುದು, ಬಣ್ಣ ಒಣಗುವುದು ಸೇರಿ ಅರ್ಧ ದಿನ. ಕ್ಲಿಪ್ ಹಾಕುವುದಕ್ಕೆ ಮಾತ್ರ ಅರ್ಧ ಗಂಟೆ ಸಾಕಾಯಿತು.

ಚಕ್ರದ ಮೇಲೆ ಕಮಾನಿನ ಹಾಗೆ ಬಾಗಿ ಕೂತಿರುವ ಕಪ್ಪು ಪ್ಲಾಸ್ಟಿಕ್ ಹಾಳೆಗೆ ಫೆಂಡರ್ ಲೈನಿಂಗ್ ಎನ್ನುತ್ತಾರೆ. ಫೆಂಡರ್ ಎಂದರೆ ಚಕ್ರದ ಮೇಲಿನ ಹೊರತಗಡು. ದಪ್ಪ ಒಂದೂವರೆಯಿಂದ ಎರಡು ಮಿ.ಮೀ. ಅಷ್ಟೇ. ಟೈರು ಎಸೆಯುವ ಕಲ್ಲು, ನೀರು, ಕೆಸರು ಒಳಗೆ ಹೋಗದಂತೆ ತಡೆಯುವುದು ಅದರ ಕೆಲಸ. ಅದರ ಹಿಂದೆ ಏನಿರುತ್ತದೆ ಎನ್ನುವುದು ಗಾಡಿಯಿಂದ ಗಾಡಿಗೆ ಬೇರೆ: ವೈಪರ್ ನೀರಿನ ಟ್ಯಾಂಕು, ಅದರ ಪುಟ್ಟ ಮೋಟಾರು, ಹಾರ್ನು, ಫಾಗ್ ಲ್ಯಾಂಪಿನ ಕನೆಕ್ಟರು. ಇಂಜಿನ್ ಅಡ್ಡಲಾಗಿ ಕೂತ ಗಾಡಿಗಳಲ್ಲಿ ಒಂದು ಪಕ್ಕದ ಲೈನಿಂಗ್ ಹಿಂದೆಯೇ ಬೆಲ್ಟು, ಪುಲ್ಲಿ ಇರುತ್ತವೆ. ಲೈನಿಂಗ್ ಜೋತುಬಿದ್ದರೆ ಸದ್ದಷ್ಟೇ ಅಲ್ಲ, ಇವೆಲ್ಲ ನೇರ ರಾಡಿಗೆ ಒಡ್ಡಿಕೊಳ್ಳುತ್ತವೆ. ಒಂದು ಕ್ಲಿಪ್ಪಿನ ಬೆಲೆ ಹೆಚ್ಚುಕಡಿಮೆ ಒಂದು ಚಹಾದ ಬೆಲೆ. ಕನೆಕ್ಟರಿಗೆ ನೀರು ಇಳಿದರೆ ಆಗುವ ಖರ್ಚು ಹಾಗಿರುವುದಿಲ್ಲ.

ಈ ಕೆಲಸ ಕೆಡುವುದು ಬಹುಪಾಲು ಒಂದೇ ಕಾರಣಕ್ಕೆ. ಕ್ಲಿಪ್ಪನ್ನು ತಲೆ ನೋಡಿ ತರುತ್ತಾರೆ. ತಲೆ ಎಲ್ಲದ್ದೂ ಒಂದೇ ಥರ: ಕಪ್ಪಗೆ, ದುಂಡಗೆ, 18ರಿಂದ 20 ಮಿ.ಮೀ. ಅಗಲ. ಹಿಡಿತ ಇರುವುದು ತಲೆಯಲ್ಲಿ ಅಲ್ಲ. ತಲೆಯ ಕೆಳಗೆ ತೂತಿಗೆ ಇಳಿಯುವ ಭಾಗವೇ ಕಾಂಡ; ನಡುವಿನ ಪಿನ್ ಒತ್ತಿದಾಗ ಅದರ ತುದಿಯ ಕಾಲುಗಳು ಅರಳಿ ತೂತಿನ ಅಂಚನ್ನು ಕಚ್ಚುತ್ತವೆ. ಕಾಂಡ ಎಷ್ಟು ದಪ್ಪ, ತಲೆಯ ಅಡಿಯಿಂದ ಕಾಲು ಅರಳುವ ಜಾಗದವರೆಗೆ ಎಷ್ಟು ಉದ್ದ, ಇವೆರಡರಲ್ಲಿ ಎಲ್ಲ ಇದೆ. ತೂತು ಅಳೆಯದೆ ತಂದ ಕ್ಲಿಪ್ಪು ಹಾಕಿದ ದಿನ ಗಟ್ಟಿಯಾಗಿ ಕೂತ ಹಾಗೇ ಕಾಣುತ್ತದೆ, ಮಳೆಗಾಲ ಮುಗಿಯುವ ಮೊದಲೇ ಬಿದ್ದುಹೋಗಿರುತ್ತದೆ.

ಮೊದಲು ಎಣಿಕೆ

ಚಕ್ರ ಬಿಚ್ಚುವ ಮೊದಲೇ ಟಾರ್ಚ್ ಹಿಡಿದು ಸುತ್ತ ಎಣಿಸಬೇಕು. ಎಲ್ಲಿ ಏನಿದೆ, ಎಲ್ಲಿ ಖಾಲಿ ಇದೆ ಎಂದು ಒಂದು ಹಾಳೆಯಲ್ಲಿ ಕಮಾನು ಬರೆದು ಗುರುತು ಹಾಕಿಕೊಂಡರೆ ಆಮೇಲೆ ಗೊಂದಲ ಇಲ್ಲ. ಫೋಟೋ ತೆಗೆದರೂ ಆದೀತು, ಆದರೆ ಕೆಸರು ಮೆತ್ತಿದ ಕಪ್ಪು ಪ್ಲಾಸ್ಟಿಕ್ಕಿನ ಫೋಟೋದಲ್ಲಿ ತೂತು ಯಾವುದು, ಕ್ಲಿಪ್ ಯಾವುದು ಗೊತ್ತಾಗುವುದಿಲ್ಲ. ಹಾಳೆಯೇ ಒಳ್ಳೆಯದು.

ಈ ಗಾಡಿಯಲ್ಲಿ ಒಟ್ಟು 12 ಜಾಗ. ಕಮಾನಿನ ನೆತ್ತಿಯಲ್ಲಿ ಒಂದು, ಒಳಗಡೆ ಚಾಸಿ ಪಕ್ಕ ಒಂದು, ಬಂಪರ್ ಅಂಚಿಗೆ ಎರಡು, ಮುಂದೆ ತಳದಲ್ಲಿ ಇಂಜಿನ್ ಅಡಿಯ ಕವರಿನ ಜೊತೆ ಮೂರು. ಈ ಏಳೂ ಒತ್ತುವ ಕ್ಲಿಪ್ಪುಗಳು. ಫೆಂಡರ್ ತಗಡಿನ ಮಡಿಕೆಗೆ ಮೂರು, ಹಿಂದೆ ಮಡ್‌ಫ್ಲಾಪಿನ ಜೊತೆ ಎರಡು. ಈ ಐದು ಕಡೆ ಪ್ಲಾಸ್ಟಿಕ್ ಚೌಕದ ಗುಂಡಿ ಕೂರಿಸಿ, ಅದರೊಳಗೆ ಸ್ಕ್ರೂ ತಿರುಗಿಸುವ ಏರ್ಪಾಡು.

ಸಿಕ್ಕ ಸ್ಥಿತಿ ಹೀಗಿತ್ತು: ನಾಲ್ಕು ಕಡೆ ಖಾಲಿ, ಬಂಪರ್ ಅಂಚಿನ ಎರಡರಲ್ಲೂ ನಡುವಿನ ಪಿನ್ ಇಲ್ಲ, ಎರಡು ಕಡೆ ಯಾರೋ ಕಬ್ಬಿಣದ ಸ್ಕ್ರೂವನ್ನು ಗುಂಡಿಯಿಲ್ಲದೆ ನೇರ ತಗಡಿಗೆ ಬಿಗಿದಿದ್ದಾರೆ, ತಳದಲ್ಲಿ ಒಂದು ಕಡೆ ಬೈಂಡಿಂಗ್ ವೈರ್. ಸರಿಯಾಗಿ ಉಳಿದಿದ್ದು ಮೂರೇ ಮೂರು.

ಮುರಿದ ಕ್ಲಿಪ್ಪು ಸುಮ್ಮನೆ ಎಸೆಯುವಂಥದ್ದಲ್ಲ, ಅದನ್ನು ಓದಬೇಕು. ತಲೆ ಉಳಿದು ಕಾಲು ಕತ್ತರಿಸಿದ್ದರೆ ಪ್ಲಾಸ್ಟಿಕ್ ವಯಸ್ಸಾಗಿ ಪೆಡಸಾಗಿದೆ ಎಂದರ್ಥ, ಅದರ ಜೊತೆಯವೂ ಇವತ್ತೋ ನಾಳೆಯೋ ಹೋಗುತ್ತವೆ. ಕಾಂಡ ತೂತಿನಲ್ಲೇ ಇದ್ದು ಪಿನ್ ಮಾತ್ರ ಮಾಯವಾಗಿದ್ದರೆ, ಬಹುಪಾಲು ಹಾಕುವಾಗ ಪಿನ್ ಪೂರ್ತಿ ಇಳಿದಿರಲಿಲ್ಲ. ಒಳಗೆ ಮರಳಿನ ಕಾಳು ಇದ್ದು ಅರ್ಧಕ್ಕೆ ನಿಂತಿರುತ್ತದೆ. ಇಡೀ ಕ್ಲಿಪ್ಪೇ ಇಲ್ಲ, ತೂತು ಮಾತ್ರ ದುಂಡಗೆ ಚೊಕ್ಕವಾಗಿದೆ ಎಂದರೆ ಕಾಂಡ ಸಣ್ಣದಿತ್ತು ಅಥವಾ ಗಿಡ್ಡದಿತ್ತು. ತೂತು ಮೊಟ್ಟೆಯಾಕಾರಕ್ಕೆ ಎಳೆದುಕೊಂಡಿದ್ದರೆ ಲೈನಿಂಗ್ ತಿಂಗಳುಗಟ್ಟಲೆ ಗಾಳಿಗೆ ಬಡಿದಿದೆ. ತೂತಿನ ಸುತ್ತ ಬೆಳ್ಳಗೆ ಗೆರೆ ಬಿದ್ದಿದ್ದರೆ ಒಂದೇ ಸಲ ಜೋರಾಗಿ ಎಳೆತ ಸಿಕ್ಕಿದೆ: ರಸ್ತೆ ಉಬ್ಬು, ಪಾದಚಾರಿ ಕಟ್ಟೆಯ ಅಂಚು, ಇಲ್ಲವೇ ಕೆಳಗೆ ಸಿಕ್ಕಿಕೊಂಡ ಹುಲ್ಲಿನ ಕಟ್ಟು.

ಇಲ್ಲಿ ಗುರುತು ಸ್ಪಷ್ಟ ಇತ್ತು. ಲೈನಿಂಗಿನ ಮುಂಭಾಗದಲ್ಲಿ, ಅಂಗೈ ಅಗಲದ ಒಂದು ಪಟ್ಟೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೇರೆಡೆ ಒರಟಾಗಿದ್ದ ಪ್ಲಾಸ್ಟಿಕ್ಕು ಅಲ್ಲಿ ಮಾತ್ರ ನುಣ್ಣಗೆ ಸವೆದು, ಬೆರಳಿಟ್ಟರೆ ಅಂಚಿಗಿಂತ ತೆಳುವಾಗಿದೆ ಎನ್ನುವುದು ತಿಳಿಯುವಷ್ಟು. ಟೈರಿನ ಹೆಗಲು ಉಜ್ಜಿದ ಗುರುತು ಅದು. ಕೊಂಡಿ ಹೀಗೆ ಕೂಡುತ್ತದೆ: ಮೊದಲು ತಳದ ಮೂರರಲ್ಲಿ ಎರಡು ಉದುರಿವೆ. ಮುಂದಿನಿಂದ ನುಗ್ಗುವ ಗಾಳಿ ಆ ಸಂದಿಯಲ್ಲಿ ಹೊಕ್ಕು ಲೈನಿಂಗನ್ನು ಹಿಂದಕ್ಕೆ, ಟೈರಿನ ಕಡೆಗೆ ಉಬ್ಬಿಸಿದೆ. ಅದೇ ಪಟಪಟ ಸದ್ದು. ಸ್ಟೇರಿಂಗ್ ತಿರುಗಿಸಿದಾಗ ಟೈರು ಆ ಉಬ್ಬನ್ನು ಹಿಡಿದು ಎಳೆದು ಚಾಸಿ ಪಕ್ಕದ ಕ್ಲಿಪ್ಪನ್ನೂ ಕಿತ್ತಿದೆ. ಹಾಗಾಗಿ ತಳದ ಎರಡನ್ನು ಮಾತ್ರ ಹಾಕಿ ಕಳಿಸಿದರೆ ಸಾಲದು. ಉಳಿದ ಮೂರು ಹಳೆಯ ಕ್ಲಿಪ್ಪುಗಳೂ ಅದೇ ಒಂಬತ್ತು ವರ್ಷದ ಬಿಸಿಲು ಕಂಡವು. ಬಿಚ್ಚುವಾಗ ಅದರಲ್ಲಿ ಎರಡು ಕೈಯಲ್ಲೇ ಪುಡಿಯಾದವು. ಒಮ್ಮೆ ಲೈನಿಂಗ್ ಇಳಿಸಿದರೆ ಎಲ್ಲವನ್ನೂ ಬದಲಿಸುವುದೇ ಸರಿ.

ಬಿಚ್ಚುವುದು

ಬೇಕಾದವು: ಜಾಕಿ, ಸ್ಟ್ಯಾಂಡು, ವೀಲ್ ಪಾನಾ, 10 ನಂಬರ್ ಸಾಕೆಟ್, 2 ನಂಬರಿನ ನಕ್ಷತ್ರ ಸ್ಕ್ರೂಡ್ರೈವರ್, ಚಪ್ಪಟೆ ಸ್ಕ್ರೂಡ್ರೈವರ್ ಎರಡು, ಕವಲು ತುದಿಯ ಕ್ಲಿಪ್ ರಿಮೂವರ್, ಕಟಿಂಗ್ ಪ್ಲೇಯರ್, ವರ್ನಿಯರ್ ಕ್ಯಾಲಿಪರ್, ಹಳೆ ಟೂತ್‌ಬ್ರಷ್, ತಂತಿ ಬ್ರಷ್, ಒಂದು ಬಕೆಟ್ ನೀರು.

ಸಮತಟ್ಟು ನೆಲ, ಹ್ಯಾಂಡ್‌ಬ್ರೇಕ್, ಹಿಂಚಕ್ರಕ್ಕೆ ಎರಡೂ ಕಡೆ ಕಲ್ಲು. ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಕಾಲು ಸುತ್ತು ಸಡಿಲಿಸಿ ಆಮೇಲೆ ಎತ್ತಬೇಕು. ಸ್ಟ್ಯಾಂಡು ಇಡದೆ ಬರೀ ಜಾಕಿಯ ಮೇಲೆ ಕೈ ಒಳಗೆ ಹಾಕುವ ಕೆಲಸ ಬೇಡವೇ ಬೇಡ. ಲೈನಿಂಗ್ ಎಳೆಯುವಾಗ ಗಾಡಿ ಅಲುಗಾಡುತ್ತದೆ.

ಚಕ್ರ ಬಿಚ್ಚದೆಯೂ ಒಂದೆರಡು ಕ್ಲಿಪ್ ಹಾಕಬಹುದು. ಎಡಚಕ್ರದ ಮುಂಭಾಗಕ್ಕೆ ಕೈ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ, ಹಿಂಭಾಗಕ್ಕೆ ಎಡಕ್ಕೆ ತಿರುಗಿಸಬೇಕು. ಆದರೆ ಹನ್ನೆರಡಕ್ಕೂ ಹೀಗೆ ಮಾಡಲು ಹೋದರೆ ಸಮಯವೂ ದಂಡ, ಹಿಂದಿನ ರಾಡಿಯೂ ಹಾಗೇ ಉಳಿಯುತ್ತದೆ.

ಕ್ಲಿಪ್ ಬಿಚ್ಚುವ ಮೊದಲು ಅದರ ನಡುವನ್ನು ಬ್ರಷ್ಷಿನಿಂದ ಉಜ್ಜಿ ನೋಡಿ. ಇದು ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಹೊರಗೆ ಒಂದೇ ಥರ ಕಾಣುವ ಕ್ಲಿಪ್ಪುಗಳನ್ನು ಬಿಚ್ಚುವ ದಿಕ್ಕು ಉಲ್ಟಾ ಇರುತ್ತದೆ. ನಡುವಿನ ಪಿನ್ನಿಗೂ ಅಂಚಿಗೂ ನಡುವೆ ಸ್ಕ್ರೂಡ್ರೈವರ್ ತೂರುವ ಸಣ್ಣ ಸೀಳು ಇದ್ದರೆ ಅದು ಮೇಲಕ್ಕೆ ಎಳೆಯುವ ಜಾತಿ: ಪಿನ್ನನ್ನು ಐದಾರು ಮಿ.ಮೀ. ಮೇಲೆತ್ತಿ, ಆಮೇಲೆ ಇಡೀ ಕ್ಲಿಪ್ಪನ್ನು ಕವಲಿನಿಂದ ಎತ್ತಬೇಕು. ನಡುವೆ ಚಿಕ್ಕ ಗುಳಿ ಮಾತ್ರ ಇದ್ದು ಸುತ್ತ ಸೀಳಿಲ್ಲದಿದ್ದರೆ ಅದು ಒಳಕ್ಕೆ ಒತ್ತುವ ಜಾತಿ: ಸಣ್ಣ ತುದಿಯಿಂದ ಎರಡು ಮೂರು ಮಿ.ಮೀ. ಒತ್ತಿದರೆ ಟಿಕ್ ಎಂದು ಕಾಲು ಸಡಿಲವಾಗುತ್ತದೆ. ಅದಕ್ಕಿಂತ ಜೋರಾಗಿ ಒತ್ತಿದರೆ ಪಿನ್ ಆಚೆ ಬಿದ್ದು ಬಂಪರಿನೊಳಗೆ ಸೇರಿಕೊಳ್ಳುತ್ತದೆ. ನಕ್ಷತ್ರ ಗೆರೆ ಇದ್ದರೆ ತಿರುಗಿಸುವ ಜಾತಿ. ಅದರಲ್ಲಿ ಮಣ್ಣು ಸೇರಿದಾಗ ಪಿನ್ನಿನ ಜೊತೆ ಕಾಂಡವೂ ಸುಮ್ಮನೆ ಸುತ್ತುತ್ತದೆ. ಅಂಥಲ್ಲಿ ತಲೆಯ ಅಡಿಗೆ ಚಪ್ಪಟೆ ತುದಿ ಕೊಟ್ಟು ಮೇಲೆತ್ತಿ ಹಿಡಿದು ತಿರುಗಿಸಬೇಕು. ಸ್ಕ್ರೂಡ್ರೈವರನ್ನು ಬಲವಾಗಿ ಒತ್ತಿದರೆ ಗೆರೆ ಸವೆದು ಕೆಲಸ ಇನ್ನೂ ಕೆಡುತ್ತದೆ.

ಇವಲ್ಲದೆ ಈಚಲು ಗರಿಯ ಹಾಗೆ ಕಾಂಡದುದ್ದಕ್ಕೂ ಅಲಗುಗಳಿರುವ ಒಂದೇ ತುಂಡಿನ ಕ್ಲಿಪ್ ಕೆಲವು ಗಾಡಿಗಳಲ್ಲಿ ಬರುತ್ತದೆ. ಅದು ಎಳೆದರೆ ಬರುತ್ತದೆ, ಆದರೆ ಅಲಗು ಮಡಚಿಕೊಂಡಿರುತ್ತದೆ, ಮತ್ತೆ ಹಾಕಿದರೆ ಹಿಡಿಯುವುದಿಲ್ಲ. ಇನ್ನು ಅಪ್ಪಟ ಪ್ಲಾಸ್ಟಿಕ್ ರಿವೆಟ್, ಅಂದರೆ ರಿವೆಟ್ ಗನ್ನಿನಿಂದ ಎಳೆದು ಕೂರಿಸುವಂಥದ್ದು. ಅದನ್ನು ಬಿಚ್ಚುವ ದಾರಿ ಡ್ರಿಲ್ ಒಂದೇ: ಕಾಂಡದಷ್ಟೇ ದಪ್ಪದ ಬಿಟ್ಟಿನಿಂದ ತಲೆಯನ್ನಷ್ಟೇ ಕೊರೆದು ಉಳಿದದ್ದನ್ನು ಒಳಕ್ಕೆ ತಳ್ಳುವುದು. ವೇಗ ನಿಧಾನ ಇರಲಿ. ಜೋರಾಗಿ ಓಡಿಸಿದರೆ ಪ್ಲಾಸ್ಟಿಕ್ ಕರಗಿ ಬಿಟ್ಟಿಗೆ ಅಂಟುತ್ತದೆ, ರಿವೆಟ್ಟೂ ಜೊತೆಗೇ ಸುತ್ತುತ್ತದೆ.

ಚೌಕದ ಗುಂಡಿಯೊಳಗಿನ ಸ್ಕ್ರೂ ತುಕ್ಕು ಹಿಡಿದು ಗುಂಡಿಯನ್ನೇ ಸುತ್ತಿಸುತ್ತಿದ್ದರೆ ಹೋರಾಡಬೇಡಿ. ಗುಂಡಿಯ ಕೊರಳನ್ನು ಕಟಿಂಗ್ ಪ್ಲೇಯರಿನಿಂದ ಎರಡು ಕಡೆ ಕಚ್ಚಿ ಮುರಿದರೆ ಸ್ಕ್ರೂ ಸಮೇತ ಬರುತ್ತದೆ. ಗುಂಡಿ ಹೇಗೂ ಹೊಸದು ಹಾಕುವುದೇ.

ಹಿಂದಿನ ರಾಡಿ

ಹರಿಹರ, ದಾವಣಗೆರೆ ಸುತ್ತಿನ ಎರೆ ಮಣ್ಣು ನೆನೆದಾಗ ಉಬ್ಬಿ ಅಂಟುತ್ತದೆ, ಒಣಗಿದಾಗ ಕುಗ್ಗಿ ಕಲ್ಲಾಗುತ್ತದೆ. ಗದ್ದೆ ಉತ್ತ ಟ್ರ್ಯಾಕ್ಟರು ರಸ್ತೆಗೆ ಹತ್ತಿ ಉದುರಿಸಿಕೊಂಡು ಹೋದ ಹೆಂಟೆಗಳ ಮೇಲೆ ನಾಲ್ಕು ದಿನ ಓಡಾಡಿದರೆ ಸಾಕು, ಲೈನಿಂಗಿನ ತೂತುಗಳಿಂದ ಮಣ್ಣು ಒಳ ಸೇರಿ ಹಿಂದಿನ ಮೂಲೆಯಲ್ಲಿ ಪದರ ಪದರವಾಗಿ ಕೂರುತ್ತದೆ. ಆ ಭಾರ ಕ್ಲಿಪ್ಪಿನ ಮೇಲೆ. ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಕೆಂಪು ಗರಸು ಹೀಗೆ ಅಂಟುವುದಿಲ್ಲ. ಅದರ ಕಾಟ ಬೇರೆ. ಸಣ್ಣ ಹರಳು ಪಿನ್ನಿನ ಸಂದಿಗೆ ಸೇರಿ ಕ್ಲಿಪ್ಪನ್ನು ಅರ್ಧ ತೆರೆದ ಸ್ಥಿತಿಯಲ್ಲೇ ಹಿಡಿದುಬಿಡುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ಹುರುಳಿ ಬಳ್ಳಿ, ರಾಗಿ ಹುಲ್ಲು ಮೂರನೆಯದು. ಬಳ್ಳಿ ಡ್ರೈವ್‌ಶಾಫ್ಟಿಗೆ ಸುತ್ತಿಕೊಂಡು ಲೈನಿಂಗಿನ ಸಡಿಲ ಅಂಚನ್ನು ಹಿಡಿದರೆ ಒಂದೇ ಎಳೆತಕ್ಕೆ ಮೂರು ನಾಲ್ಕು ಕ್ಲಿಪ್ ಒಟ್ಟಿಗೆ ಹಾರುತ್ತವೆ. ಅದೇ ಹುಲ್ಲು ಬಿಸಿ ಸೈಲೆನ್ಸರ್ ಪೈಪಿಗೆ ತಾಗಿದರೆ ಬೆಂಕಿಯ ಭಯವೂ ಇದೆ. ಲೈನಿಂಗ್ ಇಳಿಸಿದಾಗ ಒಳಗೆ ಸಿಕ್ಕ ಒಂದೊಂದು ಎಳೆಯನ್ನೂ ತೆಗೆಯಲೇಬೇಕು.

ಈ ಗಾಡಿಯಲ್ಲಿ ಫೆಂಡರಿನ ಹಿಂಭಾಗದ ತಳ, ಬಾಗಿಲ ಕಂಬ ಮತ್ತು ಕೆಳಪಟ್ಟಿ ಸೇರುವ ಮೂಲೆಯಲ್ಲಿ ಅರ್ಧ ಬಕೆಟ್ ಹೆಂಟೆ ಕೂತಿತ್ತು. ಮೇಲ್ಪದರ ಒಣ, ಅದರಡಿ ಕೈಗೆ ತಣ್ಣಗೆ ತಾಗುವ ಹಸಿ ಮಣ್ಣು. ನೀರು ಇಳಿಯುವ ತಳದ ತೂತು ಮುಚ್ಚಿಹೋಗಿತ್ತು. ತುಕ್ಕು ಶುರುವಾಗುವುದು ಇಲ್ಲಿಂದಲೇ. ಒಣ ಎರೆಯನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ಬಿಡಿಸಿದರೆ ತಗಡಿನ ಬಣ್ಣ ಹೋಗುತ್ತದೆ. ನೀರು ಸುರಿದು 20 ನಿಮಿಷ ಬಿಡಿ, ತಾನೇ ಉಬ್ಬಿ ಮೆತ್ತಗಾಗುತ್ತದೆ, ಬಿದಿರಿನ ಚಕ್ಕೆಯಿಂದ ಕೆರೆದರೆ ಕೇಕಿನ ತುಂಡಿನ ಹಾಗೆ ಬರುತ್ತದೆ. ವಾಟರ್ ವಾಷಿನ ಜೋರು ಧಾರೆಯನ್ನು ಕನೆಕ್ಟರಿಗೆ ನೇರ ಹಿಡಿಯಬೇಡಿ.

ತಗಡಿನ ಮಡಿಕೆಯಲ್ಲಿ ಕಬ್ಬಿಣದ ಸ್ಕ್ರೂ ಕೊರೆದಿದ್ದ ಎರಡು ಕಡೆ ತುಕ್ಕು ಎದ್ದಿತ್ತು. ತಂತಿ ಬ್ರಷ್ಷಿನಿಂದ ಹೊಳಪು ಬರುವವರೆಗೆ ಉಜ್ಜಿ, ತೂತಿನ ಅಂಚಿನ ಮುಳ್ಳನ್ನು ಅರದಿಂದ ತೆಗೆದು, ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಕಪ್ಪು ಬಣ್ಣ. ಬಣ್ಣ ತೂತಿನೊಳಗೆ ದಪ್ಪವಾಗಿ ಕಟ್ಟಿಕೊಂಡರೆ ಅಳತೆಯೇ ಬದಲಾಗುತ್ತದೆ, ತೆಳುವಾಗಿರಲಿ.

ಅಳತೆ, ಅಂಗಡಿ

ಈಗ ತೂತುಗಳನ್ನು ಅಳೆಯುವುದು. ಅಳೆಯಬೇಕಾದದ್ದು ತಗಡಿನ ಅಥವಾ ಕೊನೆಯ ಪದರದ ತೂತನ್ನು, ಲೈನಿಂಗಿನ ತೂತನ್ನಲ್ಲ. ಲೈನಿಂಗಿನ ತೂತನ್ನು ಕಂಪನಿಯವರೇ ಸ್ವಲ್ಪ ದೊಡ್ಡದಾಗಿ ಅಥವಾ ಉದ್ದುದ್ದ ಇಟ್ಟಿರುತ್ತಾರೆ, ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗಲು ಜಾಗ ಬೇಕಲ್ಲ. ಕ್ಯಾಲಿಪರ್ ಇಲ್ಲದಿದ್ದರೆ ಡ್ರಿಲ್ ಬಿಟ್ಟಿನ ನುಣುಪು ಬುಡವನ್ನು ತೂರಿಸಿ ನೋಡಿ: 7 ಹೋಗುತ್ತದೆ, 8 ಹೋಗುವುದಿಲ್ಲ ಎಂದರೆ ತೂತು ಏಳೂಚಿಲ್ಲರೆ. 6, 7, 8, 10 ನಂಬರಿನ ನಾಲ್ಕು ಬಿಟ್ ಇದ್ದರೆ ಈ ಕೆಲಸಕ್ಕೆ ಸಾಕು.

ಇಲ್ಲಿ ಬಂದ ಲೆಕ್ಕ: ನೆತ್ತಿ ಮತ್ತು ಚಾಸಿ ಪಕ್ಕ 7 ಮಿ.ಮೀ., ಬಂಪರ್ ಅಂಚು ಮತ್ತು ತಳದ ಐದೂ 8 ಮಿ.ಮೀ., ಮಡಿಕೆಯ ಚೌಕ ತೂತಿನ ಒಂದೊಂದು ಪಕ್ಕ 8 ಮಿ.ಮೀ. ಒಂದೇ ಲೈನಿಂಗಿನಲ್ಲಿ ಎರಡು ಅಳತೆ. ಹಿಂದೆ ಕೆಲಸ ಮಾಡಿದವರು ಏಳಕ್ಕೆ ಸರಿಹೋಗುವ ಕ್ಲಿಪ್ಪನ್ನೇ ಎಲ್ಲ ಕಡೆ ಹಾಕಿದ್ದಾರೆ. ಎಂಟರ ತೂತಿನಲ್ಲಿ ಅದು ನಿಂತಿಲ್ಲ. ಬಂಪರ್ ಅಂಚಿನಲ್ಲಿ ಸಿಕ್ಕ ಪಿನ್ನಿಲ್ಲದ ಎರಡು ಕಾಂಡಗಳನ್ನು ಅಳೆದಾಗ ಆರೂಮುಕ್ಕಾಲು ಬಂತು. ಪಿನ್ ಒತ್ತಿದಾಗ ಕಾಲು ಅರಳಿದ್ದರೂ ತೂತಿನ ಅಂಚನ್ನು ಕಚ್ಚುವಷ್ಟು ಅರಳಿಲ್ಲ, ಅಲುಗಾಡಿ ಅಲುಗಾಡಿ ಪಿನ್ ಹೊರಬಂದಿದೆ.

ಕಾಂಡ ತೂತಿಗಿಂತ 0.2ರಿಂದ 0.4 ಮಿ.ಮೀ. ಸಣ್ಣದಿರಬೇಕು. ಹೆಬ್ಬೆರಳಿನಿಂದ ಒತ್ತಿದರೆ ತಲೆಯವರೆಗೆ ಇಳಿಯಬೇಕು, ಪಿನ್ ಒತ್ತುವ ಮೊದಲು ಬೋರಲು ಹಿಡಿದರೆ ಹೆಚ್ಚು ಗಲಗಲ ಅನ್ನಬಾರದು. ಸುತ್ತಿಗೆಯಿಂದ ಹೊಡೆದು ಇಳಿಸಬೇಕಾಗಿ ಬಂದರೆ ಕ್ಲಿಪ್ ದೊಡ್ಡದು, ಹೊಡೆತಕ್ಕೆ ಕಾಲಿನ ಬುಡದಲ್ಲಿ ಸೀಳು ಬಿದ್ದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಎರಡನೆಯ ಅಳತೆ ಹಿಡಿತದ ಉದ್ದ. ತಳದಲ್ಲಿ ಮೂರು ಪದರ ಸೇರುತ್ತವೆ: ಲೈನಿಂಗ್ ಸುಮಾರು 2, ಬಂಪರ್ ಅಂಚು 3, ಅಡಿಯ ಕವರು 2, ಒಟ್ಟು 7 ಮಿ.ಮೀ. ಅಷ್ಟನ್ನೂ ದಾಟಿದ ಮೇಲೆ ಕಾಲು ಅರಳಬೇಕು. ನೆತ್ತಿಯಲ್ಲಿ ಬರೀ ಲೈನಿಂಗ್ ಮತ್ತು ಒಂದು ಮಿ.ಮೀ. ತಗಡು, ಒಟ್ಟು ಮೂರೇ. ನೆತ್ತಿಯ ಗಿಡ್ಡ ಕ್ಲಿಪ್ಪನ್ನು ತಳದಲ್ಲಿ ಹಾಕಿದರೆ ಕಾಲು ಕೊನೆಯ ಪದರದ ಒಳಗೇ ಅರಳಲು ನೋಡುತ್ತದೆ, ಹಿಡಿಯುವುದಿಲ್ಲ. ತಳದ ಉದ್ದದ್ದನ್ನು ನೆತ್ತಿಯಲ್ಲಿ ಹಾಕಿದರೆ ನಾಲ್ಕು ಮಿ.ಮೀ. ಸಡಿಲ, ದಿನಾ ಟಕಟಕ. ಪದರಗಳನ್ನು ಕೈಯಿಂದ ಒತ್ತಿ ಹಿಡಿದು ಕ್ಯಾಲಿಪರಿನ ಹಿಂಬಾಲದ ಕಡ್ಡಿಯನ್ನು ತೂತಿನಲ್ಲಿ ಇಳಿಸಿದರೆ ಉದ್ದ ನೇರ ಸಿಗುತ್ತದೆ. ಪೊರಕೆ ಕಡ್ಡಿಗೆ ಉಗುರಿನ ಗುರುತು ಹಾಕಿ ಸ್ಕೇಲಿಗಿಟ್ಟರೂ ನಡೆಯುತ್ತದೆ.

ಅಂಗಡಿಗೆ ಹೋಗುವಾಗ ಸರಿಯಾಗಿ ಉಳಿದ ಒಂದು ಹಳೆ ಕ್ಲಿಪ್ಪು, ಅಳತೆ ಬರೆದ ಚೀಟಿ ಎರಡೂ ಜೇಬಿನಲ್ಲಿರಲಿ. ಗಾಡಿಯ ಹೆಸರು, ವರ್ಷ ಹೇಳಿ "ಬಂಪರ್ ಕ್ಲಿಪ್ ಕೊಡಿ" ಎಂದರೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ತಂದದ್ದು: 8 ಮಿ.ಮೀ. ತೂತಿಗೆ ಉದ್ದ ಹಿಡಿತದ್ದು 7, 7 ಮಿ.ಮೀ.ಗೆ ಗಿಡ್ಡದ್ದು 3, ಚೌಕದ ಗುಂಡಿ 6, ಚಪ್ಪಟೆ ತಲೆಯ 5 ಮಿ.ಮೀ. ಸ್ಕ್ರೂ 6. ಬೇಕಾದ್ದು ಕ್ರಮವಾಗಿ 5, 2, 5, 5. ಒಂದೆರಡು ಹೆಚ್ಚಿಗೆ ಇದ್ದರೆ ಹಾಕುವಾಗ ಹಾಳಾದರೂ ಮತ್ತೆ ಅಂಗಡಿಗೆ ಓಡಬೇಕಿಲ್ಲ.

ಕೊಳ್ಳುವ ಮೊದಲು ಒಂದು ಪರೀಕ್ಷೆ. ಕ್ಲಿಪ್ಪಿನ ಒಂದು ಕಾಲನ್ನು ಉಗುರಿನಿಂದ ಹೊರಕ್ಕೆ ಬಾಗಿಸಿ ಬಿಡಿ. ಒಳ್ಳೆಯ ನೈಲಾನ್ ಆಗಿದ್ದರೆ ಬಾಗಿ ವಾಪಸ್ ಬರುತ್ತದೆ. ಬಾಗಿದಲ್ಲಿ ಬೆಳ್ಳಗಾದರೆ, ಅಥವಾ ಚಟ್ ಎಂದರೆ, ಅದನ್ನು ಬಿಡಿ. ನೂರಿನ್ನೂರು ಕ್ಲಿಪ್ಪುಗಳನ್ನು ಹತ್ತಾರು ಅಳತೆಯಲ್ಲಿ ತುಂಬಿದ ಡಬ್ಬಿ ಅಗ್ಗಕ್ಕೆ ಸಿಗುತ್ತದೆ. ಗ್ಯಾರೇಜಿಗೆ ಸರಿ, ಒಂದು ಗಾಡಿಗೆ ಅದರಲ್ಲಿ ಉಪಯೋಗಕ್ಕೆ ಬರುವುದು ಎಂಟೋ ಹತ್ತೋ. ಅದನ್ನೂ ಇದೇ ಉಗುರಿನ ಪರೀಕ್ಷೆಗೆ ಒಡ್ಡಿಯೇ ಹಾಕಬೇಕು.

ಮೊಟ್ಟೆಯಾದ ತೂತು

ಲೈನಿಂಗಿನ ತಳದ ಒಂದು ತೂತು 9ರಿಂದ 15 ಮಿ.ಮೀ.ಗೆ ಎಳೆದುಕೊಂಡಿತ್ತು, ಬೈಂಡಿಂಗ್ ವೈರ್ ಇದ್ದದ್ದು ಅಲ್ಲೇ. ಪ್ಲಾಸ್ಟಿಕ್ಕನ್ನು ತಂತಿ ದಾರದ ಹಾಗೆ ಕೊಯ್ಯುತ್ತದೆ. ಇಂಥಲ್ಲಿ ಸೂಪರ್ ಗ್ಲೂ, ಎಪಾಕ್ಸಿ ಹಚ್ಚಿ ಕಾಯುವುದು ವ್ಯರ್ಥ. ಲೈನಿಂಗ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್, ಆ ಮೈಗೆ ಮಾಮೂಲಿ ಅಂಟು ಹತ್ತುವುದಿಲ್ಲ, ಒಣಗಿದ ಮೇಲೆ ಚಕ್ಕೆಯಾಗಿ ಏಳುತ್ತದೆ.

ಎರಡು ದಾರಿ ಇವೆ. ಸುಲಭದ್ದು ದೊಡ್ಡ ವಾಷರ್: ಹಳೆ ಕ್ಯಾನಿನ ಪ್ಲಾಸ್ಟಿಕ್ಕಿನಿಂದ 30 ಮಿ.ಮೀ. ಅಗಲ, ಒಂದೂವರೆ ಮಿ.ಮೀ. ದಪ್ಪದ ಬಿಲ್ಲೆ ಕತ್ತರಿಸಿ, ನಡುವೆ 8.5 ತೂತು ಹಾಕಿ ತಲೆಯ ಅಡಿಗೆ ಕೊಡುವುದು. ಹೀಗೆ ಮಾಡಿದಾಗ ಹಿಡಿತದ ಉದ್ದಕ್ಕೆ ಆ ಒಂದೂವರೆಯನ್ನೂ ಕೂಡಿಸಬೇಕು. ಏಳಿದ್ದದ್ದು ಎಂಟೂವರೆಯಾಯಿತು, ಮೊದಲಿನ ಕ್ಲಿಪ್ಪು ಇನ್ನು ಸಾಲುವುದಿಲ್ಲ. ವಾಷರ್ ಹಾಕಿದ ಮೇಲೂ ಬಿದ್ದುಹೋಯಿತು ಎನ್ನುವವರ ಗಾಡಿಯಲ್ಲಿ ಆಗಿರುವುದು ಬಹುತೇಕ ಇದೇ.

ಇಲ್ಲಿ ಹಿಡಿದದ್ದು ಇನ್ನೊಂದು ದಾರಿ. ಲೈನಿಂಗಿನ ಒಳಮೈಯಲ್ಲಿ ಪ್ಲಾಸ್ಟಿಕ್ಕಿನ ಜಾತಿ ಅಚ್ಚಾಗಿರುತ್ತದೆ. ಅದೇ ಜಾತಿಯ ಒಡೆದ ಲೈನಿಂಗಿನಿಂದ 35 ಮಿ.ಮೀ. ಚೌಕದ ತುಂಡು ತೆಗೆದು, ಒಳಮೈಗೆ ಇಟ್ಟು, ನಾಲ್ಕೂ ಅಂಚನ್ನು 60 ವಾಟಿನ ಸಾಲ್ಡರಿಂಗ್ ಐರನ್ನಿನಿಂದ ಕರಗಿಸಿ ಹೊಲಿಗೆಯ ಹಾಗೆ ಕೂಡಿಸುವುದು. ಎರಡೂ ಮೈ ಒಟ್ಟಿಗೆ ಕರಗಬೇಕು, ಮೇಲಿನದು ಮಾತ್ರ ಕರಗಿ ಹರಡಿದರೆ ಬೆಸುಗೆಯಲ್ಲ. ಹೊಗೆ ಬರುತ್ತದೆ, ಬಯಲಲ್ಲಿ ಮಾಡಿ. ಆರಿದ ಮೇಲೆ ಲೈನಿಂಗನ್ನು ಸ್ವಸ್ಥಾನದಲ್ಲಿ ಇಟ್ಟು, ಹಿಂದಿನ ತೂತಿಗೆ ನೇರ ಗುರುತು ಮಾಡಿ ಕೊರೆಯಬೇಕು. ಮೊದಲೇ ಕೊರೆದರೆ ಒಂದೆರಡು ಮಿ.ಮೀ. ಆಚೀಚೆಯಾಗಿ ಮತ್ತೆ ಎಳೆದು ಕೂರಿಸುವ ಕಷ್ಟ. ಹೊಳಪಾಗಿ ಸವೆದ ಪಟ್ಟೆಗೂ ಹಿಂದಿನಿಂದ ಇಂಥದ್ದೇ ಒಂದು ತೇಪೆ ಬಿತ್ತು.

ಇಲ್ಲಿ ಪದರ ಎರಡು ಮಿ.ಮೀ. ಹೆಚ್ಚಿತು. ತಂದಿದ್ದ ಏಳರಲ್ಲಿ ಹಿಡಿತ ಎಲ್ಲಕ್ಕಿಂತ ಉದ್ದ ಇದ್ದದ್ದನ್ನು ಈ ತೂತಿಗೆ ಮೀಸಲಿಡಬೇಕಾಯಿತು.

ತಗಡಿನ ತೂತು ಸಡಿಲವಾಗಿದೆಯೆಂದು ಅದನ್ನೇ 10ಕ್ಕೆ ಕೊರೆದು ದೊಡ್ಡ ಕ್ಲಿಪ್ ಹಾಕುವವರಿದ್ದಾರೆ. ಬಣ್ಣ ಹೋದ ಅಂಚು ಮಳೆಗಾಲದಲ್ಲಿ ತುಕ್ಕಾಗಿ ತೂತು ಮತ್ತೆ ಅಗಲವಾಗುತ್ತದೆ, ಅದಕ್ಕಿಂತ ದೊಡ್ಡ ಕ್ಲಿಪ್ ಹುಡುಕಲು ಆಗುವುದಿಲ್ಲ.

ಕೂರಿಸುವುದು

ಮಾರ್ಚಿನಿಂದ ಮೇವರೆಗೆ ಈ ಬಯಲುಸೀಮೆಯ ಒಣ ಗಾಳಿಯಲ್ಲಿ ನೈಲಾನ್ ಒಳಗಿನ ತೇವ ಕಳೆದುಕೊಂಡು ಪೆಡಸಾಗಿರುತ್ತದೆ. ಹೊಸ ಕ್ಲಿಪ್ಪುಗಳನ್ನು ಕೈ ತಡೆಯುವಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟು, ಒರೆಸಿ ಹಾಕಿದರೆ ಕಾಲು ಮುರಿಯುವುದಿಲ್ಲ. ಎಣ್ಣೆ, ಗ್ರೀಸ್ ಬೇಡ. ಪಿನ್ ಜಾರಿ ಹಿಂದೆ ಬರುತ್ತದೆ, ಧೂಳನ್ನೂ ಹಿಡಿಯುತ್ತದೆ. ಕಬ್ಬಿಣದ ಸ್ಕ್ರೂವಿನ ಎಳೆಗೆ ಮಾತ್ರ ಚೂರು ಗ್ರೀಸ್ ಸವರಿದರೆ ಮುಂದಿನ ಸಲ ತುಕ್ಕು ಹಿಡಿದು ಕೂರುವುದಿಲ್ಲ.

ಒಳಕ್ಕೆ ಒತ್ತುವ ಜಾತಿಯ ಕ್ಲಿಪ್ಪನ್ನು ಹಾಕುವ ಮೊದಲು ಪಿನ್ನನ್ನು ಹಿಂದಿನಿಂದ ತಳ್ಳಿ ತಲೆಯ ಮೇಲೆ ಎದ್ದು ನಿಲ್ಲುವಂತೆ ಮಾಡಿಕೊಳ್ಳಬೇಕು. ಮರೆತು ಹಾಗೇ ಹಾಕಿದರೆ ಕಾಲು ಮೊದಲೇ ಅರಳಿರುವುದರಿಂದ ತೂತಿಗೆ ಇಳಿಯುವುದೇ ಇಲ್ಲ.

ಲೈನಿಂಗನ್ನು ಮೊದಲು ಫೆಂಡರ್ ಮಡಿಕೆಯ ಒಳಕ್ಕೆ ಸೇರಿಸಿ, ಬಂಪರಿನ ಅಂಚಿಗೆ ಹೊಂದಿಸಿ, ನೆತ್ತಿಯ ತೂತು ಕೂಡಿಸಿ. ಅಲ್ಲಿಗೆ ಮೊದಲ ಕ್ಲಿಪ್, ಪಿನ್ ಒತ್ತದೆ. ಆಮೇಲೆ ಚಾಸಿ ಪಕ್ಕ, ಬಂಪರ್, ಕೊನೆಗೆ ತಳ. ಎಲ್ಲದರಲ್ಲೂ ಕಾಂಡ ಮಾತ್ರ ಇಳಿಸಿ ಬಿಡಬೇಕು. ಹನ್ನೆರಡೂ ತೂತು ಕೂಡಿದ ಮೇಲೆ ನೆತ್ತಿಯಿಂದ ಎರಡೂ ಕಡೆಗೆ ಇಳಿಯುತ್ತ ಪಿನ್ ಒತ್ತುವುದು. ತಳದಿಂದ ಬಿಗಿಯುತ್ತ ಬಂದರೆ ಹಾಳೆ ಮೇಲಕ್ಕೆ ಸುಕ್ಕಾಗಿ ನೆತ್ತಿಯ ತೂತು ಐದಾರು ಮಿ.ಮೀ. ತಪ್ಪುತ್ತದೆ. ಆಗ ಜನ ಮಾಡುವ ತಪ್ಪೇ ಹೊಸ ತೂತು ಕೊರೆಯುವುದು.

ತಳದಲ್ಲಿ ಯಾವುದರ ಮೇಲೆ ಯಾವುದು ಎನ್ನುವುದನ್ನು ಮರೆಯಬಾರದು. ಮುಂದಿನ ತುಂಡಿನ ಅಂಚು ಹಿಂದಿನ ತುಂಡನ್ನು ಕೆಳಗಿನಿಂದ ಮುಚ್ಚಬೇಕು, ಹೆಂಚು ಹೊದಿಸಿದ ಹಾಗೆ. ಉಲ್ಟಾ ಆದರೆ ಎದುರುಗಾಳಿ ಆ ಸಂದಿಗೆ ಬಾಯಿ ಕೊಟ್ಟು ಹೊಸ ಕ್ಲಿಪ್ಪುಗಳನ್ನೂ ಕೀಳುತ್ತದೆ.

ಮಡಿಕೆಯ ಸ್ಕ್ರೂಗಳ ಉದ್ದ 16 ಮಿ.ಮೀ. ದಾಟಬಾರದು ಎಂದು ಇಲ್ಲಿ ಅಳೆದು ಇಟ್ಟದ್ದಕ್ಕೆ ಕಾರಣ ಇದೆ. ಹಿಂದೆ ಬಿಗಿದಿದ್ದ ಉದ್ದನೆಯ ಸ್ಕ್ರೂವಿನ ತುದಿ ಫೆಂಡರಿನ ಹೊರತಗಡಿಗೆ ಒಳಗಿನಿಂದ ಒತ್ತಿ, ಹೊರಗೆ ಅಕ್ಕಿಕಾಳಿನಷ್ಟು ಉಬ್ಬು ಬಂದಿತ್ತು. ಟೈರಿನ ಕಡೆ ತಲೆ ಚಪ್ಪಟೆ ಇರಲಿ. ಮಡ್‌ಫ್ಲಾಪಿನ ಎರಡಕ್ಕೆ ಮಾತ್ರ ರಬ್ಬರಿನ ದಪ್ಪ ಸೇರಿ 20 ಬೇಕಾಯಿತು. ಗುಂಡಿ ಪ್ಲಾಸ್ಟಿಕ್ಕಿನದ್ದು, ಸ್ಕ್ರೂ ತಲೆ ಕೂತ ಮೇಲೆ ಕಾಲು ಸುತ್ತು ಸಾಕು. ಡ್ರಿಲ್ ಮಷೀನಿನಿಂದ ಬಿಗಿದರೆ ಗುಂಡಿಯ ಎಳೆ ಕಿತ್ತುಹೋಗಿ ಸ್ಕ್ರೂ ಸುಮ್ಮನೆ ತಿರುಗುತ್ತದೆ.

ದಾರಿಯಲ್ಲಿ ಲೈನಿಂಗ್ ಬಿಚ್ಚಿಕೊಂಡರೆ ಕಪ್ಪು ಕೇಬಲ್ ಟೈ ಹಾಕಿಕೊಂಡು ಊರು ಸೇರಬಹುದು. ಗಂಟು, ಬಾಲ ಎರಡೂ ಟೈರಿಗೆ ತಾಗದ ಕಡೆ ಇರಲಿ, ಬಾಲವನ್ನು ಬುಡಕ್ಕೆ ಕತ್ತರಿಸಿ. ತಂತಿ ಮಾತ್ರ ಬೇಡ.

ಪರೀಕ್ಷೆ

ಪ್ರತಿ ಕ್ಲಿಪ್ಪಿನ ಪಕ್ಕ ಬೆರಳು ಹಾಕಿ ಲೈನಿಂಗನ್ನು ಎಳೆದು ನೋಡಲಾಯಿತು. ತಲೆ ಎದ್ದರೆ ಹಿಡಿದಿಲ್ಲ. ತಳದ ನಡುವಿನದು ಎದ್ದಿತು: ತೇಪೆಯ ಅಂಚಿನ ಕರಗಿದ ಗಂಟಿನ ಮೇಲೆ ಕೂತು ಪಿನ್ ಎರಡು ಮಿ.ಮೀ. ಹೊರಗೇ ಉಳಿದಿತ್ತು. ಗಂಟನ್ನು ಬ್ಲೇಡಿನಿಂದ ಸವರಿ ತೆಗೆದು ಮತ್ತೆ ಹಾಕಿದ ಮೇಲೆ ಪಿನ್ ತಲೆಯ ಮಟ್ಟಕ್ಕೆ ಸರಿಯಾಗಿ ಇಳಿಯಿತು.

ಚಕ್ರ ಹಾಕಿ, ನಟ್ಟುಗಳನ್ನು ಎದುರುಬದುರಾಗಿ ಕೈಯಿಂದ ಕೂರಿಸಿ, ಇಳಿಸಿದ ಮೇಲೆ ಗಾಡಿಯ ಪುಸ್ತಕದಲ್ಲಿರುವ ಟಾರ್ಕಿಗೆ ಬಿಗಿಯುವುದು. ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ಟೈರಿಗೂ ಲೈನಿಂಗಿಗೂ ನಡುವೆ ಎಲ್ಲ ಕಡೆ ಒಂದು ಬೆರಳು ಆಡುತ್ತದೆಯೇ ನೋಡಬೇಕು. ಸವೆದಿದ್ದ ಪಟ್ಟೆಯ ಮೇಲೆ ಸೀಮೆಸುಣ್ಣ ಬಳಿದು ಹೆದ್ದಾರಿ 48ರಲ್ಲಿ ಆನಗೋಡಿನವರೆಗೆ ಓಡಿಸಿ ತಂದಾಗ ಸುಣ್ಣ ಹಾಗೇ ಇತ್ತು, ಎಂಬತ್ತರ ವೇಗದಲ್ಲಿ ಸದ್ದಿಲ್ಲ. ಊರೊಳಗಿನ ಉಬ್ಬುಗಳ ಮೇಲೆ ನಾಲ್ಕು ಜನ ಕೂತು ಹಾಯಿಸಿದಾಗಲೂ ತಾಗಲಿಲ್ಲ.

ನೂರು ಕಿ.ಮೀ. ಆದ ಮೇಲೆ ವೀಲ್ ನಟ್ಟು ಮತ್ತೊಮ್ಮೆ, ಮೊದಲ ಜೋರು ಮಳೆ ಕಳೆದ ಮೇಲೆ ತಳದ ಮೂರು ಕ್ಲಿಪ್ ಮತ್ತು ನೀರಿಳಿಯುವ ತೂತು ಒಮ್ಮೆ ನೋಡಬೇಕು. ಉಳಿದದ್ದು 8ರ ಕ್ಲಿಪ್ ಎರಡು, 7ರದ್ದು ಒಂದು, ಗುಂಡಿ ಒಂದು, ಸ್ಕ್ರೂ ಒಂದು. ಅಳತೆ ಬರೆದ ಚೀಟಿಯ ಜೊತೆ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಸ್ಟೆಪ್ನಿ ಇಡುವ ಜಾಗದಲ್ಲಿ ಜಾಕಿಯ ಪಕ್ಕ ಟೇಪಿನಿಂದ ಅಂಟಿಸಿದೆ.